ಬಾವಲಿ ಅಂಚಿನ ಸೀರೆ

ನಮ್ಮ ಸೋದರತ್ತೆಗೆ ಪ್ರಾಣಿಗಳ ಭಾಷೆ ಬರುತ್ತದೆಂದು ಮೊಳಕಾಲ್ಮೂರಿನ ಅವಳ ಬೀದಿಯವರೆಲ್ಲ ನಂಬಿದ್ದರು. ನಾನು ಒಪ್ಪುವುದಿಲ್ಲ. ಪ್ರಾಣಿಗಳೇ ಕಷ್ಟಪಟ್ಟು ಅವಳ ಭಾಷೆ ಕಲಿತಿದ್ದವು! ಎಮ್ಮೆಗೆ ತೆಲುಗಿನಲ್ಲಿ ಬೈಗುಳ, ಬೆಕ್ಕಿಗೆ ಕನ್ನಡದಲ್ಲಿ ಬುದ್ಧಿವಾದ. ಗೋಡೆಯ ಹಲ್ಲಿ ಲೊಚಗುಟ್ಟಿದರೆ, "ನಿನ್ನ ಯಾರು ಕೇಳಿದ್ರು? ಸುಮ್ಕಿರು" ಎಂದು ಅದರ ಶಕುನವನ್ನೇ ರದ್ದು ಮಾಡುತ್ತಿದ್ದಳು. ಇಂಥವಳ ಮನೆಗೆ ಚೀನಾದ ಪ್ರಾಣಿಗಳು ಬಂದರೆ ಏನಾಗಬೇಡ?

ಬಂದೇ ಬಿಟ್ಟವು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿನ್ಯಾಸ ಕಲಿಯುತ್ತಿದ್ದ ಕಾಲೇಜಿನವರು ಮೊಳಕಾಲ್ಮೂರಿನಲ್ಲೊಂದು ಕಾರ್ಯಾಗಾರ ಇಟ್ಟುಕೊಂಡರು. ಚೀನಾದ ಹಳೆಯ ಪ್ರಾಣಿಚಿತ್ರಗಳನ್ನು ನೋಡಿ ನಾವು ರೇಷ್ಮೆ ಸೀರೆಯ ಅಂಚಿಗೆ ಹೊಸ ವಿನ್ಯಾಸ ಬರೆಯಬೇಕು. ಊರಿನ ನೇಕಾರರು ಅದನ್ನು ನೇಯಬೇಕು. ಮೇಡಂ ಜೊತೆ ನಾವೊಂದಷ್ಟು ಹುಡುಗಿಯರು ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಬಂದಿಳಿದೆವು. ವಸತಿ ಅತ್ತೆಯ ಮನೆಯಲ್ಲೇ.

ಮೇಡಂ ನಡುಮನೆಯಲ್ಲಿ ಡ್ರ್ಯಾಗನ್ ಚಿತ್ರ ಹರಡಿದರು. ಅತ್ತೆ ಬಗ್ಗಿ ನೋಡಿ, "ಇದು ಉಡ. ಮೀಸೆ ಬಿಟ್ಟೈತೆ" ಎಂದಳು.

"ಅಲ್ಲಮ್ಮ, ಇದು ಆಕಾಶದಲ್ಲಿ ಹಾರುತ್ತೆ. ಮಳೆ ತರುತ್ತೆ."

"ಮಳೆ ತರ್ತೈತಾ? ಹಂಗಾದ್ರೆ ನಮ್ಮೂರಿನ ದಾರಿ ಇದಕ್ಕೆ ಗೊತ್ತಿಲ್ಲ. ಮೊದ್ಲು ಒಂದು ದಾರಿ ಬರ್ದು ಕೊಡ್ರಿ!"

ಗೆಳತಿಯೊಬ್ಬಳ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. "ಸೀರೆ ಉಟ್ಟೋಳು ಓಡಾಡ್ಬೇಕು. ಅಂಚಿನ ತುಂಬ ಒಂಟಿಕಾಲು ಇದ್ರೆ ಹೆಂಗವ್ವ?" ಎಂದು ಅತ್ತೆ ಎಷ್ಟು ಮರುಗಿದಳೆಂದರೆ, ಆ ಹುಡುಗಿ ಇನ್ನೊಂದು ಕಾಲನ್ನೂ ಬರೆದಳು. ಮರುದಿನ ಮೇಡಂ ಏನೆಂದರು ಗೊತ್ತೇ? "ಈ ನಿಲುವಿನಲ್ಲಿ ಏನೋ ಹೊಸತನ ಇದೆ!"

ಯಾರಿಗೆ ಯಾವ ಪ್ರಾಣಿ ಎಂದು ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಬಾವಲಿ. ನಾನು ಮುಖ ಸಿಂಡರಿಸಿದೆ. ಮೇಡಂ ಸಮಾಧಾನ ಹೇಳಿದರು: ಚೀನೀ ಭಾಷೆಯಲ್ಲಿ ಬಾವಲಿ ಎಂಬ ಮಾತೂ ಭಾಗ್ಯ ಎಂಬ ಮಾತೂ ಒಂದೇ ಥರ ಕೇಳಿಸುತ್ತವಂತೆ, ಅಲ್ಲಿ ಅದು ಮಂಗಳಕರ, ಮದುವೆ ಬಟ್ಟೆಯ ಮೇಲೂ ಇರುತ್ತದಂತೆ. ಅತ್ತೆ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದಳು.

ಆದರೆ ಪಕ್ಕದ ಮನೆಯ ನೇಕಾರ ಮಲ್ಲಣ್ಣ ನನ್ನ ನಕ್ಷೆ ನೋಡಿ ಹೌಹಾರಿದ. "ಅಕ್ಕಾ, ಮನ್ಯಾಗೆ ಮಗಳ ಮದ್ವೆ ಐತೆ. ಈ ಅಪಶಕುನಾನ ಮಗ್ಗಕ್ಕೆ ಏರಿಸ್ಲಾ?"

"ಅದೇನು ನಿನ್ನ ರೇಷ್ಮೆ ತಿಂತೈತೇನೋ?"

"ಇದನ್ನ ಉಡೋರ್ಯಾರು ಹೇಳು!"

"ನಾನು ಉಡ್ತೀನಿ."

ಮಲ್ಲಣ್ಣ ಬಗ್ಗಲಿಲ್ಲ. ಅವನ ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದವಳು ಅತ್ತೆಯೇ. ಮರುದಿನ ಕೆಲಸ ನಿಲ್ಲಿಸಿ ಅವನ ಹೊಸ್ತಿಲ ಮುಂದೆ ಧರಣಿ ಕೂತಳು. "ಬಾವಲಿ ಮಗ್ಗ ಏರೋವರ್ಗೂ ಒಂದು ಎಳೆ ಸುತ್ತಲ್ಲ. ಬೇಕಂದ್ರೆ ನಾನೇ ನಿನ್ನ ತೊಲೆಗೆ ತಲೆಕೆಳಗಾಗಿ ನೇತಾಡ್ತೀನಿ!" ಹೇಳಿದ್ದನ್ನು ಮಾಡುವ ಹೆಂಗಸು ಎಂಬುದು ಅವನಿಗೆ ಗೊತ್ತಿತ್ತು. ಊಟದ ಹೊತ್ತಿಗೆ ಶರಣಾದ.

"ಯಾಕತ್ತೆ ಇಷ್ಟು ಹಟ? ಕೊಕ್ಕರೆ ಚೆನ್ನಾಗಿತ್ತಲ್ಲ?" ಎಂದು ಆಮೇಲೆ ನಗುತ್ತಲೇ ಕೇಳಿದೆ.

ಅತ್ತೆ ರಾಟೆಯಿಂದ ಕಣ್ಣೆತ್ತಲಿಲ್ಲ. "ನಿಮ್ಮಾವ ಹೋದಾಗ ನಂಗೆ ನಿನ್ನಷ್ಟೇ ವಯಸ್ಸು ಕಣೇ. ಆವತ್ತಿಂದ ಮದ್ವೆ ಮನ್ಯಾಗೆ ಅಡಿಗೆ ಜಾಗ ಬಿಟ್ಟು ಈಚೆ ಬಂದಿಲ್ಲ. ಆ ದೇಶದಾಗೆ ಬಾವಲೀನೂ ಮುಂದಕ್ಕೆ ಕರೀತಾರಲ್ಲ, ಒಂದ್ಸಲ ಉಟ್ಟು ನೋಡಾನಾ ಅನ್ನಿಸ್ತು."

ಆ ಸೀರೆಯನ್ನು ಕಾಲೇಜಿನವರು ನನಗೆ ಕೊಟ್ಟರು, ನಾನು ಅತ್ತೆಗೆ ಕೊಟ್ಟೆ. ಮಲ್ಲಣ್ಣನ ಮಗಳ ಮದುವೆಗೆ ಅದನ್ನೇ ಉಟ್ಟಳು. ಉಟ್ಟು, ಎಂದಿನಂತೆ ಹಿತ್ತಿಲಲ್ಲಿ ಈರುಳ್ಳಿ ಹೆಚ್ಚುತ್ತ ಕೂತಳು, ಪಕ್ಕದಲ್ಲಿ ನಾನು. ಅಕ್ಷತೆಯ ಹೊತ್ತಿಗೆ ಮಲ್ಲಣ್ಣನೇ ಅಲ್ಲಿಗೆ ಬಂದ.

"ಅಕ್ಕಾ, ಏಳು. ಮಗೀಗೆ ಅಕ್ಕಿಕಾಳು ಹಾಕು ಬಾ."

"ನಾನಾ? ಜನ ಏನಂತಾರೋ?"

"ಆ ಸೀರೆ ನೇಯ್ದೋನು ನಾನು. ಅನ್ನೋರು ನಂಗೆ ಅನ್ಲಿ."

ಅತ್ತೆ ಕೈ ತೊಳೆದು, ಹೊಸ ಸೀರೆ ಒದ್ದೆಯಾದೀತೆಂದು ನನ್ನ ದುಪಟ್ಟಾಕ್ಕೆ ಒರೆಸಿಕೊಂಡು ಮುಂದೆ ಬಂದು ನಿಂತಳು. ಗಟ್ಟಿಮೇಳ ಮೊಳಗಿತು. ಎಲ್ಲರ ಅಕ್ಷತೆಯೂ ಬಿತ್ತು. ಅವಳ ಮುಷ್ಟಿ ಮಾತ್ರ ಬಿಚ್ಚಲೇ ಇಲ್ಲ. ಕೊನೆಗೆ ಮದುಮಗಳೇ ಆ ಕೈ ಹಿಡಿದೆಳೆದು ತನ್ನ ನೆತ್ತಿಯ ಮೇಲಿಟ್ಟುಕೊಂಡಳು. ಆಮೇಲೆ ಬೆರಳುಗಳು ಒಂದೊಂದಾಗಿ ಸಡಿಲಿದವು.