ಸರ್ವೇಯರ್ ಸಾಹೇಬರ ಸ್ಪೀಕರ್ ಸಾಹಸ

"ನನ್ನ ಕಂಠದಲ್ಲಿ ಎಳ್ಳಷ್ಟೂ ದೋಷ ಇಲ್ಲ ಕಣೇ. ದೋಷ ಇರೋದೆಲ್ಲ ಈ ಡಬ್ಬಾದಲ್ಲಿ!"

ಭಾನುವಾರ ಬೆಳಿಗ್ಗೆ, ಇನ್ನೂ ಹಲ್ಲುಜ್ಜುವ ಮುನ್ನವೇ, ಸರ್ವೇಯರ್ ಸಾಹೇಬರು ಹೀಗೆಂದು ಘೋಷಿಸಿ ಕಪಾಟಿನ ಮೇಲಿದ್ದ ಹಳೆಯ ಟೇಪ್ ರೆಕಾರ್ಡರ್‌ನತ್ತ ಬೆರಳು ಚಾಚಿದರು. ಊರಿನ ಅರ್ಧ ಜಮೀನಿಗೆ ಗಡಿ ತೋರಿಸಿದ ಬೆರಳು ಅದು! ಚಾಚಿತೆಂದರೆ ಯಾರದೋ ಬೇಲಿ ಕಿತ್ತಿತೆಂದೇ ಲೆಕ್ಕ.

ಆ ಡಬ್ಬಾದ ಹೊಟ್ಟೆಯಲ್ಲಿ ಒಂದು ಕ್ಯಾಸೆಟ್ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಸಾಹೇಬರು ಇನ್ನೂ ಸಾಹೇಬರಾಗದೆ ಅಳತೆಯ ಸರಪಳಿ ಹೊತ್ತು ತಿರುಗುತ್ತಿದ್ದ ಕಾಲದಲ್ಲಿ, ಗೆಳೆಯನೊಬ್ಬ ಹೊಸ ಟೇಪ್ ರೆಕಾರ್ಡರ್ ತಂದ ಸಂಭ್ರಮಕ್ಕೆ ನೆರೆಹೊರೆಯವರನ್ನೆಲ್ಲ ಮನೆಗೆ ಕರೆದಿದ್ದ. ಅಲ್ಲಿ ಇವರು ಮುಕ್ಕಾಲು ಗಂಟೆ ಹಾಡಿದ್ದು ಈ ಕ್ಯಾಸೆಟ್ಟಿನಲ್ಲಿ ರೆಕಾರ್ಡಾಗಿತ್ತು. ಆ ದನಿಗೆ ಮರುಳಾಗಿಯೇ ಗೆಳೆಯನ ತಂಗಿ ತಮ್ಮನ್ನು ಮದುವೆಯಾದಳೆಂಬುದು ಸಾಹೇಬರ ಅಧಿಕೃತ ಇತಿಹಾಸ. ಹೆಂಡತಿ ಅದನ್ನು ಹೌದು ಎಂದಿರಲಿಲ್ಲ, ಅಲ್ಲ ಎಂದೂ ಇರಲಿಲ್ಲ. ಲೈಬ್ರರಿಯಲ್ಲಿ ಕೆಲಸ ಮಾಡುವ ಆಕೆಗೆ ಸುಮ್ಮನಿರುವುದು ಅಭ್ಯಾಸವಾಗಿತ್ತು.

ಆಫೀಸಿನವರಿಗೆ ಆ ಅಭ್ಯಾಸವಿರಲಿಲ್ಲ. ಹಿಂದಿನ ದಿನ ಊಟದ ಹೊತ್ತಿನಲ್ಲಿ ಸಾಹೇಬರು ಈ ಇತಿಹಾಸವನ್ನು ನೂರೊಂದನೆಯ ಸಲ ಬಿಚ್ಚಿದಾಗ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್, "ನೀವು ಹಾಡಿದ್ರಾ ಸಾರ್? ಗಡಿಕಲ್ಲು ತಾನಾಗೇ ಎದ್ದು ಪಕ್ಕದ ಜಮೀನಿಗೆ ಹೋಗಿರ್ಬೇಕು!" ಎಂದುಬಿಟ್ಟ. ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರ ಪಿತ್ತ ನೆತ್ತಿಗೇರಿತು. "ಬರೋ ತಿಂಗಳು ಎಲ್ರೂ ಮನೆಗೆ ಬನ್ನಿ, ಕೇಳಿಸ್ತೀನಿ!" ಎಂದು ಸವಾಲು ಹಾಕಿ ಬಂದಿದ್ದರು. ಹೆಂಡತಿ ಮನಸೋತದ್ದು ತಮ್ಮ ದನಿಗೇ ಎಂದು ಲೋಕಕ್ಕೆಲ್ಲ ಸಾಬೀತಾಗಬೇಕಿತ್ತು.

ಹೊಸ ಸ್ಪೀಕರ್ ಕೊಳ್ಳಲು ಅಂದೇ ಹೊರಟರು. ಸ್ಪೀಕರ್ ಅಂಗಡಿಯವನು ಮರ್ಯಾದೆಯಿಂದಲೇ ಕೇಳಿದ. "ಸಾರ್, ಮನೇಲಿ ಆಂಪ್ಲಿಫೈಯರ್ ಯಾವುದಿದೆ? ಸ್ಪೀಕರು, ಆಂಪ್ಲಿಫೈಯರು ಒಂದಕ್ಕೊಂದು ಹೊಂದಬೇಕು."

"ಅಳತೆ ವಿಷಯ ನನಗೆ ಹೇಳ್ಕೊಡ್ತೀಯೇನಯ್ಯಾ?"

ಸಾಹೇಬರು ಜೇಬಿನಿಂದ ಅಳತೆಯ ಟೇಪು ತೆಗೆದು ಅಂಗಡಿಯ ಸ್ಪೀಕರುಗಳನ್ನೆಲ್ಲ ಅಳೆದರು. ಉದ್ದ, ಅಗಲ, ಎತ್ತರ! ಅತಿ ಎತ್ತರದ ಜೋಡಿಗೆ ಮುದ್ರೆ ಬಿತ್ತು. ಆಂಪ್ಲಿಫೈಯರ್ ಮಾತ್ರ ಕಪಾಟಿನ ಖಾನೆಯಲ್ಲಿ ಕರಾರುವಾಕ್ಕಾಗಿ ಕೂರುವಂಥದ್ದು ಬೇಕಿತ್ತು. ಬಿಸ್ಕತ್ತಿನ ಪೊಟ್ಟಣದಷ್ಟು ದೊಡ್ಡದೊಂದು ಸಿಕ್ಕಿತು. ಅಂಗಡಿಯವನು ಏನೋ ಹೇಳಲು ಬಾಯಿ ತೆರೆದವನು ಸಾಹೇಬರ ಮುಖ ನೋಡಿ ಬಿಲ್ಲು ಹರಿದ.

ಮನೆಯಲ್ಲಿ ಸ್ಪೀಕರುಗಳು ಬಂದು ಹೋಗದ ನೆಂಟರ ಹಾಗೆ ಹಾಲಿನ ಎರಡು ಮೂಲೆ ಹಿಡಿದವು. ಹಳೆಯ ಡಬ್ಬಾಕ್ಕೆ ವೈರು ಸಿಕ್ಕಿಸಿ ಗುಂಡಿ ಒತ್ತಿದರೆ, ಇಪ್ಪತ್ತೆರಡು ವರ್ಷದ ಹಿಂದಿನ ಸಾಹೇಬರು ಕಂಬಳಿ ಹೊದ್ದವರ ಹಾಗೆ ಹೂತ ದನಿಯಲ್ಲಿ ಹಾಡತೊಡಗಿದರು. ಸಾಹೇಬರು ಸದ್ದು ಏರಿಸಿದರು. ಇನ್ನೂ ಏರಿಸಿದರು. ಪಾಪದ ಆಂಪ್ಲಿಫೈಯರ್ ದಮ್ಮು ಕಟ್ಟಿ ಕಿರುಚಿ, ಕೆಂಡದಂತೆ ಕಾದು, ಬಾಯಿ ಮುಚ್ಚಿತು.

"ಪರವಾಗಿಲ್ಲ ರೀ, ಅದರ ಮೇಲೆ ಕಾಫಿ ಬಿಸಿ ಮಾಡ್ಕೋಬಹುದು," ಎಂದಳು ಹೆಂಡತಿ.

ಎರಡನೆಯ ದಂಡಯಾತ್ರೆಯಲ್ಲಿ ಸಾಹೇಬರು ತಪ್ಪನ್ನು ತಿದ್ದಿಕೊಂಡರು. ಅಂದರೆ ಅತಿ ಭಾರದ ಆಂಪ್ಲಿಫೈಯರ್ ತಂದರು! ಇಬ್ಬರು ಹೊತ್ತು ತಂದ ಅದು ಕಪಾಟಿನಲ್ಲಿ ಹಿಡಿಸದೆ ಊಟದ ಮೇಜನ್ನು ಆಕ್ರಮಿಸಿತು. ಸದ್ದಿನ ತಿರುಪು ಎಲ್ಲಿದೆಯೆಂದು ನೋಡದೆ ಗುಂಡಿ ಒತ್ತಿದ್ದೇ ತಡ, "ಆ..." ಎಂಬ ಮೊದಲ ಆಲಾಪಕ್ಕೇ ಅಡುಗೆಮನೆಯ ಮುಚ್ಚಳಗಳೆಲ್ಲ ತಾಳ ಹಾಕಿದವು. ಗೋಡೆಯ ಗಡಿಯಾರ ಕೆಳಗೆ ಬಂತು. ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಕೈಚೀಲ ಸಮೇತ ಬಾಗಿಲಿಗೆ ಓಡಿದರು.

"ಅಳಿಯಂದ್ರೇ, ಭೂಕಂಪಾನಾ?"

"ಅಲ್ಲ ಅತ್ತೆ, ನಾನು ಹಾಡ್ತಿರೋದು."

"ಹಾಗಾದ್ರೆ ನಾನು ಹೊರಗೇ ಕೂತಿರ್ತೀನಿ."

ಕೊನೆಗೆ ಸಾಹೇಬರು ಸೋತು ಅಂಗಡಿಯವನನ್ನೇ ಮನೆಗೆ ಕರೆಸಿದರು. ಆತ ಅಳತೆಯ ಟೇಪು ಹಿಡಿಯಲಿಲ್ಲ. ಹಾಲಿನ ನಡುವೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿ, ಕಿವಿಗೊಟ್ಟು ಕೇಳಿ, ಸಾಹೇಬರು ಕೊಂಡಿದ್ದ ಸಾಮಾನನ್ನೆಲ್ಲ ವಾಪಸು ಹೇರಿಸಿ, ಸಾಧಾರಣ ಗಾತ್ರದ ಎರಡು ಸ್ಪೀಕರು, ಅದಕ್ಕೊಪ್ಪುವ ಒಂದು ಆಂಪ್ಲಿಫೈಯರ್ ತಂದಿಟ್ಟ. ಡಬ್ಬಾದೊಳಗೆ ಕ್ಯಾಸೆಟ್ಟಿನ ದನಿ ಓದುವ ಹೆಡ್ಡನ್ನೂ ಚೆನ್ನಾಗಿ ಒರೆಸಿಕೊಟ್ಟ.

"ನೋಡಿಮ್ಮಾ, ಸ್ಪೀಕರ್ ಒಂದಿಷ್ಟು ತಡೆ ಒಡ್ಡುತ್ತೆ. ಆಂಪ್ಲಿಫೈಯರ್ ಅದನ್ನ ಬಿಸಿಯಾಗದೆ ತಾಳ್ಕೋಬೇಕು. ಅಂಥ ಜೋಡಿ ಸಿಕ್ಕೋದು ಕಷ್ಟ."

"ಒಬ್ರು ಅಡ್ಡಿ ಮಾಡೋದು, ಇನ್ನೊಬ್ರು ತಾಳ್ಕೊಳ್ಳೋದು ತಾನೆ? ಅಂಥ ಸೆಟ್ ಈ ಮನೇಲಿ ಆಗ್ಲೇ ಒಂದಿದೆಯಲ್ಲಪ್ಪಾ!" ಎಂದಳು ಹೆಂಡತಿ.

ಅಂಗಡಿಯವನು ನಗು ನುಂಗಿಕೊಂಡು, "ಒಂದ್ಸಲ ಹಾಕಿ ಕೇಳೋಣ್ವಾ ಸಾರ್? ಇದ್ರಲ್ಲಿ ಸೂಜಿ ಬಿದ್ದದ್ದೂ ಕೇಳ್ಸುತ್ತೆ," ಎಂದ. ಸಾಹೇಬರು ಒಪ್ಪಲಿಲ್ಲ. ಉದ್ಘಾಟನೆ ಸಭಿಕರ ಮುಂದೆಯೇ ಆಗಬೇಕೆಂದು ಹಟ ಹಿಡಿದರು.

ಆ ದಿನ ಬಂತು. ಪಕ್ಕದ ಮನೆಯಿಂದ ತಂದ ಒಂಬತ್ತು ಕುರ್ಚಿಗಳ ಮೇಲೆ ಇಡೀ ಆಫೀಸು ಕೂತಿತು. ಅತ್ತೆ ಮುಂದಿನ ಸೋಫಾದಲ್ಲಿ, ಡ್ರಾಫ್ಟ್ಸ್‌ಮನ್ ಅವರ ಪಕ್ಕದಲ್ಲಿ. ಸಾಹೇಬರು ಇಸ್ತ್ರಿ ಮಾಡಿದ ಅಂಗಿಯ ತೋಳು ಸರಿಪಡಿಸಿಕೊಂಡು ಗುಂಡಿ ಒತ್ತಿದರು.

ಆಹಾ, ಏನು ಸ್ಪಷ್ಟತೆ! ಹಾಡಿನ ಒಂದೊಂದು ಅಕ್ಷರವೂ ಸ್ಪಷ್ಟ. ಶ್ರುತಿ ಕೈಬಿಟ್ಟ ಒಂದೊಂದು ಜಾಗವೂ ಸ್ಪಷ್ಟ. ಅಷ್ಟೇ ಆಗಿದ್ದರೆ ಸಾಹೇಬರು ಬಚಾವಾಗುತ್ತಿದ್ದರು. ಆದರೆ ಇಷ್ಟು ವರ್ಷ ಹಾಡಿನ ಹಿಂದೆ ಗೊರಗೊರ ಎನ್ನುತ್ತಿದ್ದದ್ದು ಡಬ್ಬಾದ ರೋಗವಲ್ಲವೆಂದು ಈಗ ತಿಳಿಯಿತು. ಅದು ಅಂದಿನ ಸಭಿಕರ ಪಿಸುಮಾತು!

ಎಡಗಡೆಯ ಸ್ಪೀಕರ್ ಕೇಳಿತು: "ಇನ್ನೂ ಎಷ್ಟು ಹಾಡಿದೆಯಂತೆ?"

ಬಲಗಡೆಯದು ಉತ್ತರಿಸಿತು: "ಹಾಡಿನ ಪುಸ್ತಕ ಇನ್ನೂ ಅರ್ಧಾನೂ ಮುಗಿದಿಲ್ಲ."

ಸಾಹೇಬರ ಕೈ ಗುಂಡಿಯತ್ತ ಓಡಿತು. "ಇರ್ಲಿ ಇರ್ಲಿ ಸಾರ್!" ಎಂದು ಡ್ರಾಫ್ಟ್ಸ್‌ಮನ್ ಆ ಕೈಯನ್ನು ಪ್ರೀತಿಯಿಂದ ಹಿಡಿದುಕೊಂಡ. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು. ಸೋಫಾದಿಂದಲ್ಲ, ಸ್ಪೀಕರಿನಿಂದ.

"ಏನೇ, ಈ ಹುಡುಗನ್ನೇ ಮದುವೆ ಆಗ್ತೀನಿ ಅಂತೀಯಲ್ಲ, ಜೀವಮಾನ ಪೂರ್ತಿ ಈ ಗೋಳು ಕೇಳ್ತೀಯಾ?"

ಆಮೇಲೆ ಒಂದು ಎಳೆಯ ದನಿ, ನಗು ತಡೆದುಕೊಂಡ ದನಿ: "ಹಾಡನ್ನ ಹೇಗಾದ್ರೂ ನಿಲ್ಲಿಸ್ಬಹುದು ಬಿಡಮ್ಮಾ. ಅಷ್ಟೂ ಕುರ್ಚಿ ಒಬ್ನೇ ಹೊತ್ಕೊಂಡು ಬಂದ, ನೋಡಿದ್ಯಾ? ಯಾರೂ ಹೇಳಿರ್ಲಿಲ್ಲ."

ಹಾಡು ಮುಗಿಯಿತು. ಸಾಹೇಬರು ಜೀವನವಿಡೀ ನೆಚ್ಚಿಕೊಂಡಿದ್ದ ಚಪ್ಪಾಳೆ ಮೊಳಗಿತು. ಅದರ ನಡುವಿನಿಂದ "ಮುಗೀತಪ್ಪಾ, ಮುಗೀತು!" ಎಂಬ ಹರ್ಷೋದ್ಗಾರವೂ ಮೊಳಗಿತು.

ಡ್ರಾಫ್ಟ್ಸ್‌ಮನ್ ಕಣ್ಣೀರು ಒರೆಸಿಕೊಂಡು, "ಸಾರ್, ಸಿಸ್ಟಮ್ ಮಾತ್ರ ಅದ್ಭುತ!" ಎಂದ. ಅತ್ತೆ, "ನಾನು ಆಗ್ಲೂ ಅದೇ ಹೇಳಿದ್ದೆ, ಈಗ್ಲೂ ಅದೇ ಹೇಳೋದು," ಎಂದು ಎದ್ದು ಹೋದರು. ಇತಿಹಾಸ ಆಫೀಸಿನವರ ಕೈಸೇರಿ ಮೆಟ್ಟಿಲಿಳಿದು ನಗುತ್ತ ಹೋಯಿತು.

ಸಾಹೇಬರು ಸ್ಪೀಕರುಗಳ ನಡುವೆ ಕುಸಿದು ಕೂತರು. ನಿಜಕ್ಕೂ ಅವರ ಮನಸ್ಸು ನೊಂದಿತ್ತು. "ಹಾಗಾದ್ರೆ ನೀನು ನನ್ನ ಹಾಡಿಗೆ..."

"ಹಾಡಿಗೆ ಅಂತ ನಾನ್ಯಾವತ್ತು ಹೇಳಿದೆ ರೀ? ನೀವೇ ಊರೆಲ್ಲ ಹೇಳ್ಕೊಂಡು ತಿರುಗಿದ್ರಿ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಅಷ್ಟು ಖುಷಿಯಾಗಿದ್ರಿ, ಯಾಕೆ ಕೆಡಿಸ್ಬೇಕು ಅಂತ ಸುಮ್ನಿದ್ದೆ." ಆಕೆ ಅವರ ಪಕ್ಕ ಬಂದು ಕೂತಳು. "ನಾನು ಮೆಚ್ಚಿದ ಗುಣ ಒಂದಿತ್ತಲ್ಲ, ಅದು ಸಾಲದಾ?"

ಸಾಹೇಬರು ತಲೆಯೆತ್ತಿ ಸುತ್ತ ನೋಡಿದರು. ಹಾಲಿನ ತುಂಬ ಪಕ್ಕದ ಮನೆಯ ಒಂಬತ್ತು ಕುರ್ಚಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಎದ್ದು, ತೋಳು ಮಡಚಿ, ಎರಡು ಕಂಕುಳಿಗೆ ಎರಡು ಕುರ್ಚಿ ಏರಿಸಿಕೊಂಡರು. ಎದೆ ಯಾಕೋ ಹಗುರಾಯಿತು. ಬಾಗಿಲು ದಾಟುವಾಗ ಆ ಹಗುರಕ್ಕೆ ತಾನಾಗಿಯೇ ಗಂಟಲಲ್ಲಿ ಒಂದು ಆಲಾಪ ಮೊಳೆಯಿತು.

"ರೀ," ಎಂದಳು ಹೆಂಡತಿ ಹಿಂದಿನಿಂದ, "ಬರೀ ಕುರ್ಚಿ ಸಾಕು."