ಗಿರ್ಕುಗಂಟಿನ ವಯಸ್ಸನ್ನು ಕುರಿತು

ಆಲ್ದೂರು, ೧೪ ಜುಲೈ ೨೦೦೩

‘ಕೂಡಿಸುವ ಕಸುಬುಗಳ ಪದಕೋಶ’ದ ಸಂಪಾದಕರಾದ ಷಡಕ್ಷರಿಯವರಿಗೆ, ಒಂಬತ್ತನೇ ತರಗತಿಯಲ್ಲಿ ಶಾಲೆಗೆ ಕೈಮುಗಿದು ಬಂದು ಈಗ ಎಸ್ಟೇಟುಗಳಲ್ಲಿ ಸ್ಪ್ರಿಂಕ್ಲರ್ ಪೈಪು ಜೋಡಿಸುವ ರವಿಯ ಸವಿನಯ ನಮಸ್ಕಾರಗಳು.

ಮಾನ್ಯರೇ, ಬೆಸೆಯುವುದರಿಂದ ಬೆಸುಗೆ, ಹೆಣೆಯುವುದರಿಂದ ಹೆಣಿಗೆ, ಹೊಲಿಯುವುದರಿಂದ ಹೊಲಿಗೆ ಎಂದು ತಾವು ಬಿಡಿಸಿಟ್ಟಿರುವುದನ್ನು ಓದಿ, ಶಾಲೆ ಬಿಟ್ಟಿದ್ದು ತಪ್ಪಾಯಿತೇನೋ ಎಂದು ನನಗೆ ಅರ್ಧ ಗಂಟೆ ಅನ್ನಿಸಿತು. ಮೂವತ್ತೊಂದನೇ ಪುಟಕ್ಕೆ ಬಂದಾಗ ಸರಿಹೋಯಿತು. ‘ಗಿರ್ಕುಗಂಟು’ ಎಂದರೆ ಗಿರಿಗಳಲ್ಲಿ ತಪಸ್ಸು ಮಾಡುತ್ತಿದ್ದ ಮುನಿಗಳು ನಾರುಮಡಿಗೆ ಹಾಕುತ್ತಿದ್ದ ಗಂಟು, ಎರಡು ಸಾವಿರ ವರ್ಷ ಹಳೆಯದು ಎಂದು ಅಲ್ಲಿದೆ.

ಆ ಮಾತು ಹುಟ್ಟಿದ್ದು ಹೋದ ವರ್ಷ ಫೆಬ್ರವರಿಯಲ್ಲಿ, ಕಾಫಿ ಹೂವಿಗೆ ನೀರು ಹೊಡೆಯುವಾಗ, ತಮ್ಮ ಎದುರಿಗೇ. ಒಡೆದ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿಯುತ್ತಿದ್ದ ನನ್ನನ್ನು, ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದಿರಿ. ನಾವು ಏನೂ ಅನ್ನುತ್ತಿರಲಿಲ್ಲ. ತಾವು ಪೆನ್ನು ಹಿಡಿದು ಇನ್ನೆರಡು ಸಲ ಕೇಳಿದಾಗ ನಮ್ಮ ಮೇಸ್ತ್ರಿ ಶೇಷಪ್ಪನವರು, ‘ಏನಾದ್ರೂ ಒಂದು ಹೇಳಿ ಕಳ್ಸು ಮಾರಾಯ, ನೀರು ಹರಿದು ಹೋಗ್ತಿದೆ’ ಎಂದು ಗೊಣಗಿದರು. ಇಕ್ಕಳ ತಿರುಗಿಸಿದಾಗ ತಂತಿ ಗಿರ್ಕ್ ಎಂದಿತು. ನಾನು ಗಿರ್ಕುಗಂಟು ಎಂದೆ. ಈಗ ತಾನೇ ಕಟ್ಟಿದ ಮಾತು ಸಾರ್ ಎಂದೂ ಹೇಳಿದೆ. ಅದನ್ನು ತಾವು ಹಳ್ಳಿಯವರ ವಿನಯವೆಂದು ತಿಳಿದು ಬೆನ್ನು ತಟ್ಟಿ ಹೋದಿರಿ.

ಹೋಗಲಿ ಎನ್ನಬಹುದಿತ್ತು. ಆದರೆ ಹೋದ ವಾರ ತಾಲ್ಲೂಕಿನ ಪದಸ್ಪರ್ಧೆಗೆ ತೀರ್ಪುಗಾರರಾಗಿ ಬಂದ ತಾವು ಗಿರ್ಕುಗಂಟಿನ ಮೂಲ ಕೇಳಿದಿರಿ. ಎಂಟನೇ ತರಗತಿಯ ನನ್ನ ತಂಗಿ ಅರ್ಚನಾ ‘ನಮ್ಮಣ್ಣ’ ಎಂದು ಬರೆದು ಸೊನ್ನೆ ಪಡೆದಳು; ಆ ಒಂದು ಅಂಕದಲ್ಲಿ, ಬರುವ ಶನಿವಾರದ ಜಿಲ್ಲಾ ಸ್ಪರ್ಧೆ ಕೈತಪ್ಪಿತು. ಪುಸ್ತಕದಲ್ಲಿರುವಂತೆ ಬರೆದುಕೊಟ್ಟರೆ ಅಂಕ ಕೊಡುತ್ತೇನೆಂದು ತಾವು ದೊಡ್ಡ ಮನಸ್ಸಿನಿಂದ ಹೇಳಿಕಳಿಸಿದಿರಂತೆ. ಬರೆದುಬಿಡೇ ಎಂದು ನಾನೂ ಹೇಳಿದೆ, ಮುಚ್ಚಿಡುವುದಿಲ್ಲ. ‘ಆ ಮುನಿ ನೀನೇ ಅಂತ ಒಪ್ಕೋ, ಬರೀತೀನಿ’ ಎಂದವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆದ್ದರಿಂದ ಅವಳ ಅಂಕವನ್ನು ಶನಿವಾರದೊಳಗೆ ಅವಳಿಗೆ ಕೊಡಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ ನನಗೆ ಎರಡು ಸಾವಿರ ವರ್ಷ ತುಂಬಿದೆಯೆಂದು ಒಂದು ಪ್ರಮಾಣಪತ್ರ ದಯಪಾಲಿಸಿ, ಚಿಕ್ಕಮಗಳೂರು ಬಸ್ಸಿನಲ್ಲಿ ಹಿರಿಯರ ಸೀಟಾದರೂ ಸಿಕ್ಕೀತು. ಸೋರುವ ಪೈಪು ಕಟ್ಟಲು ಆ ಮುನಿಗಳಲ್ಲಿ ಇಬ್ಬರನ್ನು ಕಳಿಸಿಕೊಟ್ಟರೂ ಆದೀತು, ಊಟ ನಮ್ಮದು.

ಈ ವಯಸ್ಸಿನಲ್ಲೂ ಹಲ್ಲು ಗಟ್ಟಿಯಿರುವ
ತಮ್ಮ ವಿಶ್ವಾಸಿ,
ರವಿ

ತಾ.ಕ.: ಈ ಪತ್ರದ ಕಾಗುಣಿತ ತಿದ್ದಿದವಳು ಅರ್ಚನಾ. ‘ತಾವು ದೊಡ್ಡ ವಿದ್ವಾಂಸರು’ ಎಂದು ನಾನು ಬರೆದಿದ್ದ ಸಾಲನ್ನು ಹೊಡೆದುಹಾಕಿದ್ದಾಳೆ; ಆಧಾರ ಬೇಕಂತೆ.