ಚರ್ಚಿನ ಮುಂದೊಂದು ಹಂಪ್ಸು

ಪಾದ್ರಿಯಾದವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಒಂದು ವಾರ ನಮ್ಮ ಚರ್ಚಿನಲ್ಲಿ ಬಂದು ಇರಬೇಕು. ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲೇ ಆಗ ನಮ್ಮ ಪುಟ್ಟ ಚರ್ಚು. ಜನ ಇರುವ ಕಾಲೋನಿ ರಸ್ತೆಯ ಆಚೆ, ದೇವರು ಈಚೆ, ನಡುವೆ ಹಗಲೂ ರಾತ್ರಿ ಅದಿರಿನ ಲಾರಿಗಳು. ಗಣಿಯ ಕಾಲ ಅದು. ಗೇಟಿನ ಮುಂದೆ ಒಂದೇ ಒಂದು ಹಂಪ್ಸು ಹಾಕಿಸಿಕೊಡಿ ಎಂದು ನಾನು ಕೇಳದ ಕಚೇರಿಯಿಲ್ಲ. ಎಲ್ಲರೂ ಟೀ ಕೊಟ್ಟು ಕಳಿಸುತ್ತಿದ್ದರು. ಆ ಹಂಪ್ಸಿಗಾಗಿ ನಾವು ಪಟ್ಟ ಪಾಡಿನ ಕಥೆಗಳಿವು.

ಯಾವ ಹುತಾತ್ಮರ ಹಬ್ಬ?

ನಮ್ಮ ಪೂಜೆಯ ಉಡುಪಿಗೆ ಬಣ್ಣದ ನಿಯಮವಿದೆ. ಹಬ್ಬಗಳಿಗೆ ಬಿಳಿ, ತಪಸ್ಸುಕಾಲಕ್ಕೆ ನೇರಳೆ, ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಹುತಾತ್ಮರ ದಿನ ಕೆಂಪು.

ಬಿಷಪ್ಪರು ಬರುತ್ತಾರೆಂದು ಬಿಳಿ ಉಡುಪನ್ನು ಒಗೆಸಿ, ಹಿತ್ತಲಿನ ತಂತಿಗೆ ಹಾಕಿಸಿದ್ದೆ. ಬೆಳಿಗ್ಗೆ ನೋಡಿದರೆ ಅದಿರಿನ ಧೂಳು ಕೂತು ಇಟ್ಟಿಗೆಯ ಬಣ್ಣ. ಕೊಡವಿದಷ್ಟೂ ಒಳಗಿಳಿಯಿತು. ಬೇರೆ ಇರಲಿಲ್ಲ, ಅದನ್ನೇ ತೊಟ್ಟು ಬಾಗಿಲಲ್ಲಿ ನಿಂತೆ.

ಬಿಷಪ್ಪರು ಕಾರಿನಿಂದ ಇಳಿದವರೇ ಕನ್ನಡಕ ಸರಿಮಾಡಿಕೊಂಡು, "ಫಾದರ್, ಇವತ್ತು ಯಾವ ಹುತಾತ್ಮರ ಹಬ್ಬ?" ಎಂದರು.

ನನ್ನ ಪಕ್ಕದಿಂದ ನಮ್ಮ ಹೂವಿನ ಅಜ್ಜಿ ಬಾಯಿ ಹಾಕಿದಳು. ಪೀಠಕ್ಕೆ ದಿನಾ ಹೂವು ತರುವವಳು ಅವಳು. ಮಂಡಿ ಹಿಡಿದುಕೊಂಡು, ಲಾರಿಗಳಿಗೆ ಬುಟ್ಟಿ ಎತ್ತಿ ತೋರಿಸುತ್ತಾ ರಸ್ತೆ ದಾಟುವ ಅವಳನ್ನು ನೋಡಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

"ನಮ್ದ ಹಬ್ಬರೀ ಸ್ವಾಮಿ," ಎಂದಳು ಅಜ್ಜಿ. "ಈ ರೋಡು ದಾಟಿ ಪೂಜಿಗೆ ಬರ್ತೀವಲ್ಲ, ಸತ್ತಿಲ್ಲ ಅನ್ನೋದೊಂದ ಕಡಿಮಿ."

ಸಾವ್ಕಾರ್ರಿಗೆ ಪ್ರಸಾದ

ಚುನಾವಣೆ ಹತ್ತಿರ ಬಂತು. ಒಂದು ಭಾನುವಾರ ಊರಿನ ಸಾವ್ಕಾರ್ರು ಚರ್ಚಿಗೆ ಬಂದರು. ರಸ್ತೆಯಲ್ಲಿ ಓಡುತ್ತಿದ್ದ ಲಾರಿಗಳಲ್ಲಿ ಬಹಳಷ್ಟು ಅವರವೇ, ಆ ಸಲ ಅಭ್ಯರ್ಥಿಯೂ ಅವರೇ. ಹಾಲಿನಂಥ ಬಿಳಿ ಬಟ್ಟೆ, ಹಿಂದೆ ಹಿಂಬಾಲಕರು.

ಜನ ಪರಮಪ್ರಸಾದಕ್ಕೆ ಸಾಲು ನಿಂತಾಗ ಸಾವ್ಕಾರ್ರೂ ಬಂದು ಭಕ್ತಿಯಿಂದ ಕೈಯೊಡ್ಡಿದರು. ನಮ್ಮಲ್ಲಿ ದೀಕ್ಷೆ ಪಡೆದವರಿಗಷ್ಟೇ ಅದು. ನಾನು ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳಿಸಿದೆ. ಅವರಿಗೇನೂ ಅನಿಸಲಿಲ್ಲ, ಹಿಂಬಾಲಕರು ಬೆಂಕಿಯಾದರು.

"ಎಲ್ಲಾರಿಗೂ ಕೊಟ್ಟು ನಮ್ ಸಾವ್ಕಾರ್ರಿಗೆ ಬರೇ ತಲಿ ಸವರಿ ಕಳ್ಸೀರಿ!" ಎಂದು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನನ್ನನ್ನು ಸುತ್ತುವರಿದರು.

ದೇವಶಾಸ್ತ್ರ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೂವಿನ ಅಜ್ಜಿ ಮಂಡಕ್ಕಿ ಒಗ್ಗರಣೆಯ ತಟ್ಟೆ ತಂದು ಸಾವ್ಕಾರ್ರ ಕೈಗಿಟ್ಟಳು. ಮೇಲೆ ಎರಡು ಬಿಸಿ ಮಿರ್ಚಿ. "ನಿಮಗಂತ ಬ್ಯಾರೇನ ಮಾಡ್ಸೇವ್ರಿ" ಎಂದಳು.

ಸಾವ್ಕಾರ್ರು ಎರಡೂ ಮಿರ್ಚಿ ಮುಗಿಸಿ ಪ್ರಸನ್ನರಾದರು. "ಫಾದರ್, ಪ್ರಸಾದ ಭಾಳ ಖಾರ ಐತಿ, ಆದ್ರ ಮಸ್ತ್ ಐತಿ. ಏನ್ ಬೇಕು ಕೇಳ್ರಿ, ಅಮೃತಶಿಲೆ ಹಾಕಿಸ್ಲಾ, ದೊಡ್ಡ ಕಮಾನು ಕಟ್ಟಿಸ್ಲಾ?"

"ಒಂದು ಹಂಪ್ಸು," ಎಂದೆ.

"ಅದೊಂದ ಬ್ಯಾಡ್ರಿ," ಎಂದರು ಸಾವ್ಕಾರ್ರು, "ಲಾರಿ ನಿಧಾನ ಆಗ್ತಾವು."

ಸತ್ತವರ ಅರ್ಜಿ

ಮುಂದಿನ ಭಾನುವಾರ ಸಾವ್ಕಾರ್ರು ಮತ್ತೆ ಬಂದು ಮೊದಲ ಬೆಂಚಿನಲ್ಲಿ ಕೂತರು. ಮಿರ್ಚಿ ಎಳೆದು ತಂದಿರಬೇಕು. ಇಂಥವರಿಗೇ ಓಟು ಹಾಕಿ ಎಂದು ಪೀಠದಿಂದ ಹೇಳುವುದು ನನ್ನ ಕೆಲಸವಲ್ಲ. ಮನಸ್ಸಾಕ್ಷಿ ಕೇಳಿ ಹಾಕಿ, ಬಡವರನ್ನು ನೆನೆದು ಹಾಕಿ ಎಂದಷ್ಟೇ ಪ್ರಸಂಗ ಮಾಡಿದೆ. ಸಾವ್ಕಾರ್ರು ಚಪ್ಪಾಳೆ ತಟ್ಟಿದರು.

ಆಮೇಲೆ ವಿಶ್ವಾಸಿಗಳ ಬಿನ್ನಹ. ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ದೇವರಲ್ಲಿ ಬೇಡಿಕೊಳ್ಳುತ್ತಾರೆ, ಉಳಿದವರೆಲ್ಲ ಒಟ್ಟಾಗಿ "ನಮ್ಮ ಮೊರೆಯನ್ನು ಆಲಿಸಿರಿ" ಎನ್ನುತ್ತಾರೆ.

ಮೊದಲು ಅಜ್ಜಿ ಹೋದಳು. "ಗೇಟಿನ ಮುಂದ ಹಂಪ್ಸ ಆಗ್ಲೆಂದು ಬೇಡ್ಕೋತೀವಿ."

"ನಮ್ಮ ಮೊರೆಯನ್ನು ಆಲಿಸಿರಿ!" ಎಂದಿತು ಸಭೆ.

ಮೊದಲ ಬೆಂಚಿನಿಂದ ಸಾವ್ಕಾರ್ರು ಎದ್ದು ಸಭೆಯತ್ತ ತಿರುಗಿ ಕೈಮುಗಿದರು. ದಿನಾ ಅಹವಾಲು ಕೇಳಿ ಅಭ್ಯಾಸವಾದ ಜೀವ. "ಆಲಿಸೀನ್ರಿ, ನೋಡೋಣು" ಎಂದು ಕೂತರು.

ಇನ್ನೊಬ್ಬರು ಮಳೆಗಾಗಿ ಬೇಡಿದರು. ಸಾವ್ಕಾರ್ರು ಎದ್ದು, "ಕಾಲುವಿ ನೀರಿಗೆ ಪ್ರಯತ್ನ ಮಾಡ್ತೀನಿ" ಎಂದರು. ಮತ್ತೊಬ್ಬರು ರೋಗಿಗಳಿಗಾಗಿ ಬೇಡಿದರು. ದವಾಖಾನೆಗೆ ಫೋನ್ ಮಾಡುವುದಾಗಿ ಭರವಸೆ ಬಂತು. ನಾನು ಪುಸ್ತಕದಿಂದ ಮುಖ ಮುಚ್ಚಿಕೊಂಡೆ.

ಕೊನೆಗೆ ಒಬ್ಬರು, "ನಮ್ಮನ್ನಗಲಿದವರೆಲ್ಲ ಸ್ವರ್ಗ ಸೇರಲೆಂದು ಬೇಡುತ್ತೇವೆ" ಎಂದರು.

ಸಾವ್ಕಾರ್ರು ಎದ್ದರು, ಸ್ವಲ್ಪ ಯೋಚಿಸಿದರು. "ಇದು ನನ್ ಕೈಯಾಗಿಲ್ರಿ," ಎಂದು ನನ್ನತ್ತ ಕೈ ತೋರಿಸಿದರು, "ಫಾದರ್ ನೋಡ್ಕೋತಾರ."

ಮೂರನೆಯ ಸ್ಥಳ

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು. ಪ್ರತಿ ಶುಕ್ರವಾರ ನಾವು ಶಿಲುಬೆ ಹಾದಿ ಮಾಡುತ್ತೇವೆ. ಒಬ್ಬ ಯೇಸುವಿನಂತೆ ಶಿಲುಬೆ ಹೊರುತ್ತಾನೆ, ಹದಿನಾಲ್ಕು ‘ಸ್ಥಳ’ಗಳಲ್ಲಿ ನಿಂತು, ಮಂಡಿಯೂರಿ ಪ್ರಾರ್ಥಿಸುತ್ತಾ ರಸ್ತೆಯಾಚೆಯ ಬಂಡೆಗುಡ್ಡ ಹತ್ತುತ್ತೇವೆ. ಹಿಂದಿನ ವರ್ಷಗಳಲ್ಲಿ ರಸ್ತೆ ಬಂದ ಕೂಡಲೇ ಯೇಸುವೂ ಭಕ್ತರೂ ಖೋ-ಖೋ ಆಟಗಾರರಂತೆ ಓಡಿ ದಾಟುತ್ತಿದ್ದರು.

"ಈ ಸಲ ಓಡಾದು ಬ್ಯಾಡ ಫಾದರ್," ಎಂದಳು ಅಜ್ಜಿ. "ಯೇಸುಸ್ವಾಮಿ ಮೊದ್ಲನೇ ಸಲ ಬೀಳೋದು ಮೂರನೇ ಸ್ಥಳದಾಗ ಅಲ್ಲೇನು? ರೋಡಿನ ನಡುವ ಬೀಳ್ಲಿ."

ಒಪ್ಪಿದೆ. ಲಾರಿಗಳ ನಡುವೆ ದೊಡ್ಡ ತೆರಪು ಸಿಕ್ಕಾಗ ನಾನೇ ಮುಂದೆ ನಿಂತು ಕೈ ಎತ್ತಿ ಹಿಡಿದೆ. ಶಿಲುಬೆ ಹೊತ್ತಿದ್ದ ನಮ್ಮ ಹುಡುಗ ರಸ್ತೆಯ ನಡುವೆ ಬಿದ್ದ. ಎಲ್ಲರೂ ಮಂಡಿಯೂರಿ ಹಾಡತೊಡಗಿದರು. ದೂರದಿಂದ ಬಂದ ಲಾರಿಯೊಂದು ಬ್ರೇಕು ಕಿರುಚಿಸಿ ನಿಂತಿತು.

ದರೋಜಿ ಕಡೆಯ ಡ್ರೈವರ್ ಕೆಳಗೆ ಹಾರಿದ. ಬೈಯಲೆಂದೇ ಬಂದವನು ಶಿಲುಬೆಯ ಕೆಳಗೆ ಬಿದ್ದ ಹುಡುಗನನ್ನು ನೋಡಿ ನಮ್ಮ ಮೇಲೆ ತಿರುಗಿಬಿದ್ದ. "ಎಂಥಾ ಮಂದೀರಿ ನೀವು! ಹುಡುಗ ಬಿದ್ದಾನ, ಎತ್ತೋದು ಬಿಟ್ಟು ಕುಂತು ಹಾಡ ಹೇಳ್ತೀರಲ್ಲ!" ಎಂದವನೇ ಟವೆಲನ್ನು ಹೆಗಲಿಗೆ ಹಾಕಿಕೊಂಡು ಶಿಲುಬೆ ಎತ್ತಿಕೊಂಡ. "ಎಲ್ಲಿಗೆ ಒಯ್ಬೇಕು?"

ಯೇಸುವಿಗೆ ಶಿಲುಬೆ ಹೊರಲು ನೆರವಾದ ಸಿಮೋನನ ಪಾತ್ರ ನಮ್ಮಲ್ಲಿ ವರ್ಷಗಳಿಂದ ಒಬ್ಬ ಹಿರಿಯರದು. ಅವರು ಗಾಬರಿಯಾದರು. "ಫಾದರ್, ಸಿಮೋನ ಬರೋದು ಐದನೇ ಸ್ಥಳಕ್ಕ! ಇಂವ ಮೂರಕ್ಕ ಬಂದಾನ!"

"ಬರಲಿ ಬಿಡಿ," ಎಂದೆ, "ನಿಜವಾದ ಸಿಮೋನ ಬಂದಿದ್ದಾನೆ." ನಮ್ಮ ದೇವರ ಹೆಸರೂ ಸರಿಯಾಗಿ ಗೊತ್ತಿಲ್ಲದವನು ನಮ್ಮ ಶಿಲುಬೆ ಹೊತ್ತು ಮುಂದೆ ನಡೆದಿದ್ದ.

ಲಾರಿಯ ಕೀಲಿ ಅವನ ಜೇಬಿನಲ್ಲಿತ್ತು. ಸಂಡೂರಿನ ಕಡೆಗೆ ಕಣ್ಣು ಹಾಯುವಷ್ಟೂ ಲಾರಿಗಳು ನಿಂತವು. ಆ ಸಾಲಿನಲ್ಲೇ ಪ್ರಚಾರಕ್ಕೆ ಹೊರಟಿದ್ದ ಸಾವ್ಕಾರ್ರ ಕಾರು. ಮುಂದೆ ಬಂದು ನೋಡಿದರೆ ಅಡ್ಡ ನಿಂತದ್ದು ಅವರದೇ ಲಾರಿ, ಡ್ರೈವರ್ ಗುಡ್ಡದ ಮೇಲೆ.

ಕೀಲಿಗಾಗಿ ಸಾವ್ಕಾರ್ರು ಗುಡ್ಡ ಹತ್ತಿದರು. ಅಜ್ಜಿ ಚಪ್ಪಲಿ ಬಿಡಿಸಿದಳು. ಅವರು "ಲೇ!" ಎಂದು ಕೂಗುವ ಹೊತ್ತಿಗೆ ಮುಂದಿನ ಸ್ಥಳ ಬರುತ್ತಿತ್ತು, ಎಲ್ಲರೂ ಮಂಡಿಯೂರುತ್ತಿದ್ದರು, ಅಜ್ಜಿ ಅವರ ಅಂಗಿ ಜಗ್ಗಿ "ಊರ್ರಿ ಮಂಡಿ" ಎನ್ನುತ್ತಿದ್ದಳು. ಡ್ರೈವರ್ ಕೈಗೆ ಸಿಕ್ಕಿದ್ದು ಹದಿನಾಲ್ಕನೆಯ ಸ್ಥಳದಲ್ಲಿ.

ಸಾವ್ಕಾರ್ರು ಏದುಸಿರು ಬಿಡುತ್ತಾ, "ವರ್ಷಕ್ಕೊಂದ ಸಲ ಅಲ್ಲೇನ್ರಿ ಇದು?" ಎಂದರು.

"ಈಸ್ಟರ್ ಬರುವವರೆಗೆ ಪ್ರತಿ ಶುಕ್ರವಾರ," ಎಂದೆ.

ಡ್ರೈವರ್ ಬೆವರು ಒರೆಸಿಕೊಂಡು, "ನಾನ ಬರ್ತೀನ್ರಿ ಫಾದರ್, ಜಳಕ ಮಾಡಿ ಬರ್ತೀನಿ" ಎಂದ.

ಸಾವ್ಕಾರ್ರು ಕೆಳಗೆ ನಿಂತ ತಮ್ಮ ಲಾರಿಗಳನ್ನು ನೋಡಿದರು, ಅಜ್ಜಿಯನ್ನು ನೋಡಿದರು. "ಎಲ್ಲಿ ಹಾಕ್ಬೇಕ ಯವ್ವಾ ನಿನ್ ಹಂಪ್ಸ?" ಎಂದರು.

ಮುಂದಿನ ಶುಕ್ರವಾರಕ್ಕೆ ಹಂಪ್ಸು ಸಿದ್ಧವಾಗಿತ್ತು. ಸಾವ್ಕಾರ್ರು ಹೊಸ ಬಿಳಿ ಬಟ್ಟೆ ತೊಟ್ಟು, ಹಾರ ಹಾಕಿಸಿಕೊಂಡು ಅದರ ಪಕ್ಕದಲ್ಲೇ ನಿಂತರು. ಅಜ್ಜಿ ಹೂವಿನ ಬುಟ್ಟಿ ಹಿಡಿದು, ಆ ಕಡೆ ಈ ಕಡೆ ನೋಡದೆ ನಿಧಾನವಾಗಿ ದಾಟಿ ಬಂದಳು. ಅವಳಿಗಾಗಿ ಲಾರಿಯೊಂದು ಕಾದು ನಿಂತಿತು. ಅಂದಿನಷ್ಟು ಸಂತೋಷ ನನಗೆ ಈಸ್ಟರಿಗೂ ಆಗಿರಲಿಲ್ಲ.

ಅಜ್ಜಿ ದಾಟಿದ ಮೇಲೆ ಲಾರಿ ಹೊರಟಿತು. ಹೇರಿದ್ದು ತುಂಬಿ ಉಕ್ಕುವಷ್ಟು. ಹಂಪ್ಸು ಹತ್ತಿ ಧಡ್ ಎಂದು ಇಳಿದಾಗ ಮೇಲಿನ ಅದಿರೆಲ್ಲ ಸಾವ್ಕಾರ್ರ ಮೇಲೆ ಸುರಿಯಿತು. ಹಿಂದೆಯೇ ಇನ್ನೊಂದು ಬಂತು, ಅದೂ ಅವರದೇ. ಧೂಳು ಇಳಿದಾಗ ತಲೆಯಿಂದ ಕಾಲಿನವರೆಗೆ ಕೆಂಪಗೆ, ಹಾರದೊಂದಿಗೆ ಸಾವ್ಕಾರ್ರು ನಿಂತಿದ್ದರು.

ಅಜ್ಜಿ ಅವರನ್ನು ನೋಡಿದಳು. ಬುಟ್ಟಿಯಿಂದ ಒಂದು ಹೂವು ತೆಗೆದು ಅವರ ಪಾದದ ಬಳಿ ಇಟ್ಟು, ನನ್ನತ್ತ ತಿರುಗಿದಳು.

"ಫಾದರ್, ಇವತ್ತು ಯಾವ ಹುತಾತ್ಮರ ಹಬ್ಬ?"